ಒಂಬತ್ತು ಮನೆಗಳಿಗೆ ಒಬ್ಬ ಡೆವಲಪರ್

ಮನೆಗಳ ಕೆಳಗೆ ಹೊಟ್ಟೆಯ ಮೇಲೆ ತೆವಳುವುದು ನನ್ನ ಕೆಲಸದ ಭಾಗ ಎಂದು ನಾನು ಅತ್ತೆಗೆ ಹೇಳಿರಲಿಲ್ಲ. ಮಂಡ್ಯದಿಂದ ಆರು ತಿಂಗಳಿಗೆಂದು ಬಂದಿದ್ದ ಅವರು, ಸೊಸೆ ದಿನವೂ ಸ್ಯಾನ್ ರಮೋನ್‌ನಿಂದ ಕಾರು ಓಡಿಸಿಕೊಂಡು ಹೋಗಿ ತಣ್ಣಗಿನ ಆಫೀಸಿನಲ್ಲಿ ಕೂತು ಬರುತ್ತಾಳೆ ಅಂದುಕೊಂಡಿದ್ದರು. ನಾನೋ ಮೊಣಕೈಗೆ ಅಂಟಿದ ಜೇಡರ ಬಲೆಯನ್ನು ಕಾರಿನಲ್ಲೇ ಒರೆಸಿಕೊಂಡು, ತಲೆಗೂದಲಿನ ಮಣ್ಣು ಕೊಡವಿಕೊಂಡು ಮನೆಯೊಳಗೆ ಕಾಲಿಡುತ್ತಿದ್ದೆ.

ಕೊಲ್ಲಿಯ ಪೂರ್ವ ದಂಡೆಯ, ಈಸ್ಟ್ ಬೇ ಕಡೆಯ ಒಂದು ನಗರದ ವಸತಿ ವಿಭಾಗದಲ್ಲಿ ಹಳೆಯ ಮನೆಗಳನ್ನು ಪರೀಕ್ಷಿಸಿ, ಏನೇನು ದುರಸ್ತಿ ಆಗಬೇಕು ಎಂದು ಪಟ್ಟಿ ಬರೆಯುವ ಕೆಲಸ ನನ್ನದು. ಆಗ ಡಾಟ್‌ಕಾಮ್ ಜ್ವರ ಏರಿದ್ದ ಕಾಲ. ನಮ್ಮ ಸ್ನೇಹಿತರ ಬಳಗದಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ ಷೇರು, ಆಪ್ಷನ್ನು, ಎವರ್‌ಗ್ರೀನ್ ಬಡಾವಣೆಯಲ್ಲಿ ಕೊಂಡ ಹೊಸ ಮನೆ, ಇದೇ ಮಾತು. ನಾನು ಕೆಲಸ ಮಾಡುತ್ತಿದ್ದ ಕಡೆ ಮಾತ್ರ ಜನ ಕಂತು ಕಟ್ಟಲಾರದೆ ಇದ್ದ ಮನೆಯನ್ನೂ ಬಿಟ್ಟು ಹೋಗುತ್ತಿದ್ದರು. ಹಾಗೆ ಜಪ್ತಿಯಾಗಿ, ಬಾಗಿಲಿಗೆ ಹಲಗೆ ಬಡಿಸಿಕೊಂಡು ನಿಂತಿದ್ದ ಒಂಬತ್ತು ಮನೆಗಳನ್ನು ನಮ್ಮ ನಗರ ಕೈಗೆ ತೆಗೆದುಕೊಂಡಿತು. ವಸತಿಗೆಂದು ಮೀಸಲಾದ ಸರ್ಕಾರಿ ಹಣದಿಂದ ಅವನ್ನು ಸರಿಪಡಿಸಿ, ಕಡಿಮೆ ಸಂಬಳದ ಕುಟುಂಬಗಳಿಗೆ ಮಾರಬೇಕು. ಸರಿಪಡಿಸುವುದಕ್ಕೆ ಒಬ್ಬ ಡೆವಲಪರ್ ಬೇಕು. ಅವರನ್ನು ಆರಿಸುವ ನಾಲ್ಕು ಜನರ ಸಮಿತಿಯಲ್ಲಿ ನಾನೂ ಒಬ್ಬಳು.

ಮೊದಲು ಮನೆಗಳನ್ನು ನೋಡಬೇಕಿತ್ತು. ಒಂದೊಂದಕ್ಕೆ ನಲವತ್ತು ನಿಮಿಷ ಎಂದು ನಮ್ಮ ವಿಭಾಗದ ಮ್ಯಾನೇಜರ್ ಹೇಳಿದ್ದರು. ಚಾವಣಿ, ಕೊಳಾಯಿ, ವೈರಿಂಗು, ಕಿಟಕಿಗಳ ಹಳೆಯ ಸೀಸದ ಬಣ್ಣ, ಇವೆಲ್ಲ ಮುಗಿಸಿ ಕೊನೆಗೆ ನೆಲದ ಕೆಳಗಿನ ಒಂದೂವರೆ ಅಡಿ ಜಾಗಕ್ಕೆ ನುಸುಳಿ ಪಾಯ ನೋಡುವುದು. ಎಂಟು ಮನೆಗಳ ಪಾಯ ಕಾಂಕ್ರೀಟಿನದು. ಅಲ್ಲಲ್ಲಿ ಬಿರುಕು ಬಿಟ್ಟಿದ್ದರೂ ಗಟ್ಟಿಯಾಗಿತ್ತು. ನಾಲ್ಕನೆಯದು ಎಲ್ಲಕ್ಕಿಂತ ಹಳೆಯ ಮನೆ. ಅದರದು ಇಟ್ಟಿಗೆ ಪಾಯ. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡು ಇಟ್ಟಿಗೆಗಳ ನಡುವಿನ ಗಾರೆಗೆ ಸ್ಕ್ರೂಡ್ರೈವರ್ ಒತ್ತಿದೆ. ಅದು ಹಿಡಿಯವರೆಗೂ ಒಳಗೆ ಹೋಯಿತು. ಬೆರಳಿನಿಂದ ಕೆರೆದರೆ ಗಾರೆ ರಾಗಿಹಿಟ್ಟಿನ ಹಾಗೆ ಉದುರಿತು. ಇನ್ನೂ ನಾಲ್ಕು ಕಡೆ ಒತ್ತಿ ನೋಡಿದೆ. ಎಲ್ಲ ಕಡೆಯೂ ಹಾಗೆಯೇ.

"ಪಾಯವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಪರೀಕ್ಷಿಸಬೇಕು" ಎಂದು ಪಟ್ಟಿಯಲ್ಲಿ ಬರೆದೆ. ಅದಕ್ಕೆ ಬಜೆಟ್ಟಿಲ್ಲ, ಮಂಜೂರಾತಿಗೆ ಇನ್ನೆರಡು ತಿಂಗಳು ಹಿಡಿಯುತ್ತದೆ ಎಂದು ಮ್ಯಾನೇಜರ್ ಆ ಸಾಲು ಹೊಡೆದುಹಾಕಿ "ಅಗತ್ಯವಿದ್ದಷ್ಟು ದುರಸ್ತಿ" ಎಂದು ಬರೆಸಿದರು. ಕೆಟ್ಟ ಮನುಷ್ಯರೇನಲ್ಲ, ಅವರಿಗೆ ಆತುರವಿತ್ತು. ಪಟ್ಟಿಯ ಕೆಳಗೆ ಸಹಿ ನನ್ನದೇ. ಪ್ರಸ್ತಾವನೆ ಕೊಡುವ ಡೆವಲಪರ್‌ಗಳೂ ಮನೆ ನೋಡುತ್ತಾರಲ್ಲ, ಯಾರಾದರೂ ಪಾಯದ ಮಾತು ಎತ್ತಿಯೇ ಎತ್ತುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಸಹಿ ಮಾಡಿದೆ.

ಆ ನಾಲ್ಕನೆಯ ಮನೆಗೆ ಆಗಲೇ ಒಂದು ಕುಟುಂಬ ಗೊತ್ತಾಗಿತ್ತು. ಅರ್ಜಿ ಹಾಕಿದವರಲ್ಲಿ ಲಾಟರಿ ಎತ್ತಿ ಒಂದೊಂದು ಮನೆಗೆ ಒಬ್ಬೊಬ್ಬರನ್ನು ಮೊದಲೇ ಆರಿಸುವುದು ನಮ್ಮ ಕ್ರಮ. ಇದಕ್ಕೆ ಬಂದವರು ಒಬ್ಬ ಬಸ್ ಡ್ರೈವರ್, ಐವತ್ತರ ಹತ್ತಿರದ ಹೆಂಗಸು. ಮನೆ ನೋಡಿದ ದಿನ ನಾನು ಮಣ್ಣು ಕೊಡವಿಕೊಂಡು ಹೊರಗೆ ಬಂದಾಗ ಆಕೆ ಯೂನಿಫಾರ್ಮಿನಲ್ಲೇ ಬೇಲಿಯಾಚೆ ನಿಂತಿದ್ದರು. ಊಟದ ಬಿಡುವಿನಲ್ಲಿ ನೋಡಿಹೋಗಲು ಬಂದಿದ್ದರು.

"ಕೆಳಗಿನ ರೂಮಿನ ಬಾಗಿಲು ಎಷ್ಟು ಅಗಲ ಇದೆ?" ಎಂದು ಕೇಳಿದರು. ತಾಯಿ ಗಾಲಿಕುರ್ಚಿಯಲ್ಲಿದ್ದಾರಂತೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಸ್ಪತ್ರೆ ಅಲ್ಲಿಂದ ಆರು ಬೀದಿ ಆಚೆ. ಬಾಡಿಗೆ ಮನೆಯ ಮಾಲೀಕ ಕಟ್ಟಡ ಮಾರುತ್ತಿದ್ದಾನೆ, ಬರುವ ಮಾರ್ಚಿಗೆ ಬಿಡಬೇಕು, ಈಗಿನ ಬಾಡಿಗೆಯಲ್ಲಿ ಈ ಊರಿನಲ್ಲಿ ಇನ್ನೊಂದು ಮನೆ ಸಿಗುವುದು ಕನಸಿನ ಮಾತು ಅಂದರು. ನಾನು ಬಾಗಿಲಿಗೆ ಟೇಪು ಹಿಡಿದು ಅಳೆದು ಹೇಳಿದೆ. ಬಾಗಿಲನ್ನು ಮೂರು ಇಂಚು ಅಗಲ ಮಾಡುವುದನ್ನು ಪಟ್ಟಿಗೆ ಸೇರಿಸಿದೆ. ಆಕೆಗೆ ಎಷ್ಟು ಖುಷಿಯಾಯಿತೆಂದರೆ ನನ್ನ ಕೊಳಕು ಕೈಯನ್ನೇ ಹಿಡಿದು ಕುಲುಕಿದರು. ಪಾಯದ ಮಾತು ನಾನು ಎತ್ತಲಿಲ್ಲ.

ಪ್ರಸ್ತಾವನೆ ಕೊಡಲು ಕೊನೆಯ ಗಳಿಗೆ ಶುಕ್ರವಾರ ಮಧ್ಯಾಹ್ನ ಎರಡು. ಕೌಂಟರಿನ ಯಂತ್ರ ಪ್ರತಿ ಲಕೋಟೆಯ ಮೇಲೂ ಸಮಯ ಒತ್ತುತ್ತದೆ. ಎರಡು ಗಂಟೆ ನಾಲ್ಕು ನಿಮಿಷಕ್ಕೆ ಏದುಸಿರು ಬಿಡುತ್ತ ಬಂದ ಒಬ್ಬರ ಲಕೋಟೆಯನ್ನು ನಾನೇ ತೆರೆಯದೆ ವಾಪಸು ಕೊಟ್ಟೆ. ಅವರು ಬೈದುಕೊಂಡು ಹೋದರು. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಇಲ್ಲಿಗೆ ಬರುವ ಮೊದಲು ಮೂರು ವರ್ಷ ನಾನು ಲೋಕೋಪಯೋಗಿ ಇಲಾಖೆಯಲ್ಲಿದ್ದವಳು. ಅಲ್ಲಿ ಟೆಂಡರ್ ತೆರೆಯುವ ದಿನ ಎಲ್ಲರೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಅವನು ಯಾರ ಕಡೆಯವನು? ಉತ್ತರ ಗೊತ್ತಾದರೆ ಲಕೋಟೆ ತೆರೆಯುವ ಅಗತ್ಯವೂ ಇರುತ್ತಿರಲಿಲ್ಲ. ಅದರ ಬಗ್ಗೆ ನನಗಿದ್ದ ಅಸಹ್ಯ ಅಷ್ಟಿಷ್ಟಲ್ಲ.

ಬಂದ ಏಳು ಲಕೋಟೆಗಳಲ್ಲಿ ಒಂದರ ಮೇಲೆ ನನಗೆ ಗೊತ್ತಿದ್ದ ಹೆಸರಿತ್ತು. ಹುಬ್ಬಳ್ಳಿ ಕಡೆಯ ಮುಸ್ಲಿಂ ಕಾಂಟ್ರಾಕ್ಟರ್ ಒಬ್ಬರದು. ಮೇಸ್ತ್ರಿಗಳ ಮನೆತನ, ಇಲ್ಲಿಗೆ ಬಂದು ಇಪ್ಪತ್ತು ವರ್ಷ, ಹಳೆಯ ಮರದ ಮನೆಗಳನ್ನು ಎತ್ತಿ ಹೊಸ ಪಾಯ ಕೂರಿಸುವುದರಲ್ಲಿ ಎತ್ತಿದ ಕೈ. ಕನ್ನಡಿಗರ ಸಮಾರಂಭಗಳಲ್ಲಿ ಸ್ಟೇಜಿನ ಹಲಗೆ ಜೋಡಿಸುವವರು ಅವರೇ. ನಾವೆಲ್ಲ ಅವರನ್ನು ಸಾಹೇಬ್ರು ಎನ್ನುತ್ತಿದ್ದೆವು. ಒಮ್ಮೆ ರಂಜಾನಿಗೆ ಅವರ ಮನೆಯಲ್ಲಿ ಊಟ ಮಾಡಿದ್ದೆವು. ಅವರು ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದರು.

ನೇರ ಹೋಗಿ ಮ್ಯಾನೇಜರಿಗೆ ಹೇಳಿದೆ. ನಾನು ಸಮಿತಿಯಿಂದ ಹೊರಗುಳಿಯಲೇ ಎಂದು ಕೇಳಿದೆ.

"ನಿಮಗೆ ಅವರು ನೆಂಟರಾ? ಪಾಲುದಾರರಾ?"

"ಇಲ್ಲ. ಒಂದೇ ಭಾಷೆಯವರು."

ಅವರು ನಕ್ಕರು. "ಭಾಷೆ ಒಂದೇ ಆಗಿರುವುದು ತಪ್ಪಾದರೆ, ಇಂಗ್ಲಿಷ್ ಮಾತಾಡುವ ನಾನು ಯಾವ ಸಮಿತಿಯಲ್ಲೂ ಕೂರುವ ಹಾಗಿಲ್ಲ. ಸ್ವಂತ ಹಿತಾಸಕ್ತಿ ಏನೂ ಇಲ್ಲ ಎಂಬ ಫಾರ್ಮಿಗೆ ಸಹಿ ಹಾಕಿ."

ಸಹಿ ಹಾಕಿದೆ. ಆದರೆ ಎರಡೇ ತಿಂಗಳ ಹಿಂದೆ ನಮ್ಮ ಮಹಡಿಯಲ್ಲೇ ಒಬ್ಬ ಫಿಲಿಪಿನೋ ಸಹೋದ್ಯೋಗಿಯ ಮೇಲೆ, ತನ್ನ ದೇಶದವರಿಗೆ ಕೆಲಸ ಕೊಡಿಸಿದ ಎಂಬ ದೂರು ಬಂದು, ತನಿಖೆಯಲ್ಲಿ ಏನೂ ಸಿಗದಿದ್ದರೂ ಆತನನ್ನು ನೀರಿನ ಬಿಲ್ಲಿನ ಕೌಂಟರಿಗೆ ಹಾಕಿದ್ದರು. ಅದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಮಾರನೆಯ ವಾರ ಕನ್ನಡಿಗರದೊಂದು ಊಟವಿತ್ತು. ಸಾಹೇಬರು ಬಂದಿರುತ್ತಾರೆಂದು ನಾನು ತಲೆನೋವಿನ ನೆಪ ಹೇಳಿ ಹೋಗಲಿಲ್ಲ.

ಸಮಿತಿಯ ಉಳಿದ ಮೂವರು: ಬ್ಯಾಂಕಿನಲ್ಲಿ ಸಾಲದ ವಿಭಾಗ ನೋಡುವ ಒಬ್ಬ ಅಧಿಕಾರಿ, ಆ ಬಡಾವಣೆಯ ಪರವಾಗಿ ಬಂದ ನಿವೃತ್ತ ಟೀಚರಮ್ಮ, ಪಕ್ಕದ ಊರಿನ ವಸತಿ ವಿಭಾಗದ ಒಬ್ಬ. ನೂರಕ್ಕೆ ಅಂಕ. ಅನುಭವಕ್ಕೆ ಇಷ್ಟು, ಹಣಕಾಸಿನ ಬಲಕ್ಕೆ ಇಷ್ಟು, ಕೆಲಸದ ಯೋಜನೆಗೆ ಇಷ್ಟು, ಖರ್ಚಿಗೆ ಇಷ್ಟು. ಏಳರಲ್ಲಿ ಮೂವರನ್ನು ಸಂದರ್ಶನಕ್ಕೆ ಕರೆದೆವು. ಇಪ್ಪತ್ತು ನಿಮಿಷ ಅವರ ಮಾತು, ಇಪ್ಪತ್ತು ನಿಮಿಷ ನಮ್ಮ ಪ್ರಶ್ನೆ. ಟೀಚರಮ್ಮ ಅಡುಗೆಮನೆಯ ಟೈಮರ್ ತಂದು ಮೇಜಿನ ಮೇಲಿಟ್ಟಿದ್ದರು.

ಮೊದಲು ಬಂದದ್ದು ಇಬ್ಬರು ಪಾಲುದಾರರ ಒಂದು ಕಂಪನಿ. ಒಬ್ಬನ ಇಂಗ್ಲಿಷ್ ತಡವರಿಸುತ್ತಿತ್ತು. ಚಾವಣಿಯ ವಿಷಯ ಬಂದಾಗ ಆತ ಸ್ಪ್ಯಾನಿಷಿಗೆ ತಿರುಗಿದ. ಟೀಚರಮ್ಮನಿಗೆ ಸ್ಪ್ಯಾನಿಷ್ ಬರುತ್ತಿತ್ತು. ಕೇಳಿಕೊಂಡು ನಮಗೆ ಇಂಗ್ಲಿಷಿನಲ್ಲಿ ಹೇಳಿದರು. ಯಾರೂ ಹುಬ್ಬು ಕೂಡ ಏರಿಸಲಿಲ್ಲ. ನಿಯಮದಲ್ಲೂ ಅದಕ್ಕೆ ಅವಕಾಶವಿತ್ತು; ಅರ್ಜಿದಾರರಿಗೆ ಭಾಷೆಯ ನೆರವು ಬೇಕಾದರೆ ಕೊಡಬೇಕು ಎಂದು ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆ ಕೈಪಿಡಿಯ ಪ್ರತಿಗಳನ್ನು ತಿದ್ದಿ ಅಚ್ಚಿಗೆ ಕೊಟ್ಟವಳೇ ನಾನು.

ಎರಡನೆಯದು ಒಂದು ಸೇವಾ ಸಂಸ್ಥೆ. ಅದರ ನಿರ್ದೇಶಕಿ ಬಹಳ ಒಳ್ಳೆಯವರು, ಚೆನ್ನಾಗಿ ಮಾತಾಡುವವರು. ಬಣ್ಣದ ಸ್ಲೈಡುಗಳಲ್ಲಿ ಹಳೆಯ ಮನೆ, ಹೊಸ ಮನೆ, ಬೀಗದ ಕೈ ಹಿಡಿದು ನಗುವ ಕುಟುಂಬ. ಅವರು ಅದುವರೆಗೆ ಮಾಡಿದ್ದದ್ದು ಹೆಚ್ಚಾಗಿ ಬಣ್ಣ, ಚಾವಣಿ, ಅಡುಗೆಮನೆ. ಒಂಬತ್ತು ಮನೆಯನ್ನೂ ಫೆಬ್ರವರಿಯೊಳಗೆ ಮುಗಿಸುತ್ತೇವೆ ಅಂದರು. ಖರ್ಚೂ ಕಡಿಮೆ ತೋರಿಸಿದ್ದರು. ಬ್ಯಾಂಕಿನವರು ಮೆಚ್ಚಿಕೊಂಡು ತಲೆದೂಗಿದರು.

ಕೊನೆಗೆ ಸಾಹೇಬರು. ಇಸ್ತ್ರಿ ಮಾಡಿದ ಸೂಟು, ಜೊತೆಯಲ್ಲಿ ಲೆಕ್ಕ ನೋಡುವ ಅಳಿಯ. ಸ್ಲೈಡಿಲ್ಲ, ಹನ್ನೆರಡು ಫೋಟೋ ಅಂಟಿಸಿದ ರಟ್ಟು. ಕೆಲಸದ ಜಾಗದಲ್ಲಿ ಅವರ ಇಂಗ್ಲಿಷ್ ಸಲೀಸಾಗಿ ಓಡುವುದನ್ನು ನಾನು ಕೇಳಿದ್ದೇನೆ. ಆ ಮೇಜಿನ ಮುಂದೆ ಮಾತ್ರ ಅದು ಮುಗ್ಗರಿಸಿತು. ಬ್ಯಾಂಕಿನವರು ನೇರವಾಗಿ ಕೇಳಿದರು: "ನಾಲ್ಕನೆಯ ಮನೆಯ ಲೆಕ್ಕದಲ್ಲಿ ಇಡೀ ಹೊಸ ಪಾಯದ ಖರ್ಚು ಹಾಕಿದ್ದೀರಿ. ಬೇರೆ ಯಾರೂ ಹಾಕಿಲ್ಲ. ನಗರದ ಪಟ್ಟಿಯಲ್ಲೂ ಇಲ್ಲ. ಯಾಕೆ?"

"ಫೌಂಡೇಶನ್ ಬ್ಯಾಡ್. ಫುಲ್ ಚೇಂಜ್," ಅಂದರು ಸಾಹೇಬರು. ಸಾಲದು ಎಂದು ಅವರಿಗೂ ಗೊತ್ತಾಯಿತು. ಮುಂದಿನ ಮಾತು ಹುಡುಕಿದರು, ಸಿಗಲಿಲ್ಲ. ಆಗ ನನ್ನ ಕಡೆ ತಿರುಗಿದರು. ಸ್ಟೇಜಿನ ಕೆಳಗೆ ನಿಂತು ಮಾತಾಡುವಾಗ ಹೇಗೆ ತಿರುಗುತ್ತಿದ್ದರೋ ಹಾಗೆಯೇ.

"ತಂಗಿ, ಇವ್ರಿಗೆ ನೀವ ಸ್ವಲ್ಪ ತಿಳಿಸಿ ಹೇಳ್ರಿ. ಇಟ್ಟಂಗಿ ನಡುವಿನ ಗಚ್ಚು ಹಿಟ್ಟ ಆಗೇತಿ. ಮ್ಯಾಲ ಏನ್ ಮಾಡಿದ್ರೂ ನಿಲ್ಲಂಗಿಲ್ಲ. ಒಂದ್ ಕಡೆ ಜಾಕ್ ಕೊಟ್ಟು ಎತ್ತಿದ್ರ ಇನ್ನೊಂದ್ ಕಡೆ ಕುಸೀತೈತಿ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ತಂಗಿ ಎಂಬ ಆ ಒಂದು ಮಾತು ಅವರಿಗೆಲ್ಲ ತಿಳಿದುಬಿಟ್ಟಿತೇನೋ ಎಂಬ ಹಾಗೆ ಗಾಬರಿಯಾಯಿತು. ಕಾಗದದ ಮೇಲೆ ಕಣ್ಣಿಟ್ಟು, ಇಂಗ್ಲಿಷಿನಲ್ಲಿ, "ದಯವಿಟ್ಟು ಇಡೀ ಸಮಿತಿಗೆ ಅರ್ಥವಾಗುವ ಹಾಗೆ ಇಂಗ್ಲಿಷಿನಲ್ಲೇ ಹೇಳಿ," ಅಂದೆ.

ಸಾಹೇಬರು ಒಂದು ಕ್ಷಣ ನನ್ನನ್ನು ನೋಡಿದರು. "ಯೆಸ್ ಮೇಡಮ್," ಅಂದರು. ಆಮೇಲೆ ಮತ್ತೆ, "ಫೌಂಡೇಶನ್ ವೆರಿ ಬ್ಯಾಡ್." ಅಳಿಯ ಏನೋ ಸೇರಿಸಲು ನೋಡಿದ, ಅವನಿಗೆ ಲೆಕ್ಕ ಗೊತ್ತಿತ್ತೇ ಹೊರತು ಪಾಯ ಗೊತ್ತಿರಲಿಲ್ಲ. ಟೈಮರ್ ಹೊಡೆದುಕೊಂಡಿತು.

ಅವರು ಹೋದ ಮೇಲೆ ಟೀಚರಮ್ಮ ಕೇಳಿದರು: "ನಿಮಗೆ ಏನೋ ಹೇಳಿದರಲ್ಲ, ಏನದು?"

"ಇಂಗ್ಲಿಷಿನಲ್ಲಿ ಹೇಳಿದ್ದನ್ನೇ ಹೇಳಿದರು," ಅಂದೆ.

ಬ್ಯಾಂಕಿನವರು ಪೆನ್ನು ಕೆಳಗಿಟ್ಟರು. "ಮನೆಗಳನ್ನು ಒಳಹೊಕ್ಕು ನೋಡಿದವರು ನೀವೊಬ್ಬರೇ. ಪಾಯ ನಿಜವಾಗಿ ಹಾಳಾಗಿದೆಯಾ, ಅಥವಾ ಈತ ಕೆಲಸ ಹಿಗ್ಗಿಸುತ್ತಿದ್ದಾರಾ?"

ಆ ಪ್ರಶ್ನೆ ನನ್ನ ಮುಂದೆ ಬಂದಾಗ ಹೌದು ಎನ್ನುವುದಕ್ಕೆ ಅರ್ಧ ಸೆಕೆಂಡು ಸಾಕಿತ್ತು. ಹೌದು ಎಂದರೆ ನನ್ನ ಸಹಿಯಿದ್ದ ಪಟ್ಟಿ ಸುಳ್ಳಾಗುತ್ತದೆ. ಅದು ಸಣ್ಣ ಮಾತು, ಸಹಿಸಬಹುದಿತ್ತು. ತನ್ನ ಕಡೆಯವನಿಗಾಗಿ ತನ್ನ ಪಟ್ಟಿಯನ್ನೇ ತಿದ್ದಿದಳು ಎನ್ನುತ್ತಾರೆ ಎಂಬುದೇ ನನ್ನನ್ನು ತಡೆದದ್ದು. "ನನ್ನ ಪಟ್ಟಿಯಲ್ಲಿ ಏನಿದೆಯೋ ಅಷ್ಟೇ," ಅಂದೆ.

ಅಂಕದ ಹಾಳೆಯಲ್ಲಿ ಸಾಹೇಬರಿಗೆ ಅರವತ್ತಾರು ಕೊಟ್ಟೆ. ಹೆಸರು ಮುಚ್ಚಿ ಆ ಪ್ರಸ್ತಾವನೆಯನ್ನು ಕೈಗಿಟ್ಟಿದ್ದರೆ ಎಂಬತ್ತೈದಕ್ಕೆ ಕಡಿಮೆ ಕೊಡುತ್ತಿರಲಿಲ್ಲ. ನಾಲ್ವರ ಸರಾಸರಿ ತೆಗೆದಾಗ ಸೇವಾ ಸಂಸ್ಥೆ ಸಾಹೇಬರಿಗಿಂತ ಮೂರು ಅಂಕ ಮುಂದಿತ್ತು. ಲೆಕ್ಕ ಯಾರು ಬೇಕಾದರೂ ಮಾಡಬಹುದು. ನಾನು ಆ ಸಂಜೆ ಫ್ರೀವೇಯಲ್ಲಿ ಮಾಡಿದೆ: ನಾನು ಹಿಡಿದುಕೊಂಡ ಹತ್ತೊಂಬತ್ತು ಅಂಕ ಸರಾಸರಿಯಲ್ಲಿ ಐದಕ್ಕೆ ಹತ್ತಿರ. ಆದರೂ ನನಗೆ ಆಗ ಬೇಸರವಾಗಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು ಮನೆಗೆ ಹೋದೆ. ಗಂಡನಿಗೆ ಹೇಳಿದೆ, "ನಮ್ಮೋರು ಅಂತ ಒಂಚೂರೂ ನೋಡ್ಲಿಲ್ಲ ಕಣ್ರೀ."

"ಒಳ್ಳೇದೇ ಮಾಡ್ದೆ ಬಿಡು," ಅಂದರು ಅವರು.

ನಗರಸಭೆ ಚರ್ಚೆಯಿಲ್ಲದೆ ಒಪ್ಪಿತು. ಅಕ್ಟೋಬರಿನಲ್ಲಿ ಕೆಲಸ ಶುರುವಾಯಿತು, ಆಗಲೇ ಎಡವಿತು. ಬಡಗಿಗಳೇ ಸಿಗುತ್ತಿರಲಿಲ್ಲ. ಕೈಯಲ್ಲಿ ಕಸುಬಿದ್ದವರೆಲ್ಲ ಡಾಟ್‌ಕಾಮ್‌ನವರ ಅಡುಗೆಮನೆಗೆ ಗ್ರಾನೈಟು ಹಾಕಲು ಕೊಲ್ಲಿಯ ಆಚೆ ಹೋಗಿದ್ದರು. ಸಂಸ್ಥೆ ಸಿಕ್ಕಿದವರನ್ನು ಹಿಡಿದು ತಂದಿತು. ಕೆಲಸ ನೋಡಿ ಬರುವುದು ನನ್ನ ಪಾಲಿಗಿತ್ತು. ನವೆಂಬರಿನಲ್ಲಿ ನಾಲ್ಕನೆಯ ಮನೆಗೆ ಹೋದರೆ, ಇಟ್ಟಿಗೆ ಪಾಯದ ಹೊರಮೈಗೆ ನೀಟಾಗಿ ಸಿಮೆಂಟು ಮೆತ್ತಿದ್ದರು.

"ಒಳಗೆ ನೋಡಿದಿರಾ?" ಎಂದು ನಿರ್ದೇಶಕಿಯನ್ನು ಕೇಳಿದೆ.

"ಅಗತ್ಯವಿದ್ದಷ್ಟು ದುರಸ್ತಿ ಅಂತ ನೀವೇ ಬರೆದಿದ್ದೀರಲ್ಲ," ಅಂದರು ಆಕೆ. ಕುಹಕವೇನೂ ಇರಲಿಲ್ಲ ಆ ದನಿಯಲ್ಲಿ, ನನ್ನ ಬರಹವನ್ನು ನಂಬಿಕೊಂಡಿದ್ದರು. ಒಬ್ಬ ಎಂಜಿನಿಯರನ್ನು ಕರೆಸಿದರೆ ಒಳ್ಳೆಯದು ಎಂದು ನಾನು ಬಾಯಿಮಾತಿನಲ್ಲಿ ಹೇಳಿದೆ. ನೋಡೋಣ ಎಂದರು. ಕಾಗದದಲ್ಲಿ ಬರೆದು ಕೊಡಬೇಕಿತ್ತು, ಕೊಡಲಿಲ್ಲ. ಬರೆದರೆ ಮೊದಲೇಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಪರಿಶೀಲನೆಯ ಹಾಳೆಗೆ ಸಹಿ ಮಾಡಿ ಬಂದೆ.

ಬಸ್ ಡ್ರೈವರ್ ಪ್ರತಿ ಹದಿನೈದು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಮಾರ್ಚಿಗೆ ಆಗುತ್ತದಲ್ಲ, ಎಂಬುದೊಂದೇ ಪ್ರಶ್ನೆ. ಆಗುತ್ತದೆ ಎನ್ನುತ್ತಿದ್ದೆ.

ಜನವರಿಯಲ್ಲಿ ಮೂರು ವಾರ ಬಿಡದೆ ಮಳೆ ಬಂತು. ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ, ಇಳಿಜಾರಾಗಿದ್ದ ನೆಲವನ್ನು ಸಮ ಮಾಡಲೆಂದು ಕೆಲಸದವರು ಮನೆಯ ಒಂದು ಮೂಲೆಗೆ ಜಾಕ್ ಕೊಟ್ಟು ಎತ್ತಿದರು. ಎದುರು ಮೂಲೆಯ ಇಟ್ಟಿಗೆಗಳು ಪುಡಿಯಾಗಿ ಹೊರಗೆ ಸುರಿದವು. ಇಡೀ ಮನೆ ತಿರುಚಿಕೊಂಡು ಒಂದಡಿ ಕೆಳಗೆ ಕೂತಿತು. ಕೆಳಗಿದ್ದ ಒಬ್ಬ ಕೆಲಸಗಾರ ಆಗಷ್ಟೇ ಸಿಗರೇಟಿಗೆಂದು ಹೊರಗೆ ಬಂದಿದ್ದನಂತೆ. ನಾನು ಹೋಗುವ ಹೊತ್ತಿಗೆ ಅವನು ಆ ಸಿಗರೇಟನ್ನು ಹಚ್ಚದೆ ಹಿಡಿದುಕೊಂಡೇ ರಸ್ತೆಯಂಚಿನಲ್ಲಿ ಕೂತಿದ್ದ. ಅಗಲ ಮಾಡಿದ ಹೊಸ ಬಾಗಿಲಿನ ಚೌಕಟ್ಟು ಮೂಲೆ ಮೂಲೆಯಲ್ಲೂ ಸೀಳಿತ್ತು. ಕಟ್ಟಡ ವಿಭಾಗದವರು ಬಂದು, ಯಾರೂ ಒಳಹೋಗಬಾರದೆಂದು ಕೆಂಪು ನೋಟೀಸು ಅಂಟಿಸಿದರು.

ಮಾರನೆಯ ದಿನ ಆಫೀಸಿನಿಂದಲೇ ಸಾಹೇಬರಿಗೆ ಫೋನ್ ಮಾಡಿದೆ. ಯಾವ ಮುಖ ಹೊತ್ತು ಮಾಡಿದೆನೋ ನನಗೇ ಗೊತ್ತಿಲ್ಲ. ಅವರು ಒಂದು ಮಾತೂ ಕೇಳದೆ ಮಧ್ಯಾಹ್ನಕ್ಕೆ ಬಂದರು. ಒದ್ದೆ ಹುಲ್ಲಿನ ಮೇಲೆ ಬೋರಲು ಮಲಗಿ, ಸಂದಿಯಲ್ಲಿ ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದರು. ಸುತ್ತಲೂ ನಡೆದು, ಗೋಡೆಗೆ ಅಂಗೈ ಇಟ್ಟು ನೋಡಿದರು.

"ಉಳಿಸ್ಬೋದಾ ಸಾಹೇಬ್ರೇ?"

"ಇಲ್ಲ ತಂಗಿ. ತೊಲಿ ಎರಡೂ ಮುರದಾವ. ಇನ್ನ ಕೆಡವೂದ." ಕರವಸ್ತ್ರದಿಂದ ಕೈ ಒರೆಸಿಕೊಂಡರು. "ಯಾರರ ಬರೂವ್ರು ಇದ್ರೇನು ಈ ಮನಿಗೆ?"

ಹೇಳಿದೆ. ಡ್ರೈವರ್, ತಾಯಿ, ಡಯಾಲಿಸಿಸ್, ಮಾರ್ಚಿನ ಗಡುವು, ಎಲ್ಲ ಹೇಳಿದೆ. ಅವರು ಬಗ್ಗಿ ಒಂದು ಇಟ್ಟಿಗೆ ಎತ್ತಿಕೊಂಡು ಕೇಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ಅವತ್ತು ನಾನು ಹೇಳ್ಬೇಕಿತ್ತು. ನಿಮ್ಗೇ ಕೆಲ್ಸ ಸಿಗ್ತಿತ್ತು. ನಮ್ಮೋರು ಅಂತ ಮಾಡ್ದೆ ಅಂತಾರೆ ಅಂತ ಹೆದ್ರಿಬಿಟ್ಟೆ ಸಾಹೇಬ್ರೇ. ತಪ್ಪು ತಿಳ್ಕೋಬೇಡಿ."

"ನನಗ ಕೆಲಸಕ್ಕೇನ್ ಕಮ್ಮಿ ತಂಗಿ? ಮುಂದಿನ ದಸರಾತನ ಕೈ ತುಂಬ ಐತಿ." ಅವರ ದನಿ ಏರಲಿಲ್ಲ, ಅದಕ್ಕೇ ನನಗೆ ಹೆಚ್ಚು ಕಷ್ಟವಾಯಿತು. "ನನಗ ಕೆಲಸ ಕೊಡ್ರಿ ಅಂತ ನಾ ಅವತ್ತು ನಿಮ್ಮ ಕಡೆ ತಿರಗಲಿಲ್ಲ. ಮನಿ ಬೀಳ್ತೈತಿ ಅಂತ ಹೇಳಾಕ ತಿರಗಿದೆ. ಅಲ್ಲಿ ಕುಂತವ್ರೊಳಗ ನನ್ನ ಮಾತು ತಿಳಿಯೂದು ನಿಮಗ ಒಬ್ಬರಿಗೇ."

ಇಟ್ಟಿಗೆಯನ್ನು ಕೆಳಗಿಟ್ಟು ಟ್ರಕ್ಕು ಹತ್ತಿ ಹೋದರು. ನಾನು ಕಾರಿನಲ್ಲಿ ಕೂತು ಅತ್ತೆ. ನಾನು ಪ್ರಾಮಾಣಿಕಳು ಎಂದು ಅದುವರೆಗೆ ಯಾವ ಅನುಮಾನವೂ ಇಲ್ಲದೆ ನಂಬಿದ್ದೆ. ಆ ಕೋಣೆಯಲ್ಲಿ ನಾನು ಕಾಪಾಡಿದ್ದು ನನ್ನ ಹೆಸರನ್ನು ಮಾತ್ರ. ಸಾಹೇಬರಲ್ಲಿ ನನಗೆ ಕಂಡದ್ದು ನಮ್ಮ ಕಡೆಯವರು ಎಂಬುದೊಂದೇ. ಹಳೆಯ ಆಫೀಸಿನಲ್ಲಿ ನಾನು ಅಸಹ್ಯಪಡುತ್ತಿದ್ದ ಪ್ರಶ್ನೆಯನ್ನೇ ನಾನೂ ಕೇಳಿದ್ದೆ, ಉತ್ತರವನ್ನು ಮಾತ್ರ ತಿರುಗಿಸಿ ಬಳಸಿದ್ದೆ.

ಮ್ಯಾನೇಜರ್ ಡ್ರೈವರ್‌ಗೆ ಕಳಿಸಲು ಒಂದು ಪತ್ರ ಸಿದ್ಧ ಮಾಡಿಸಿದ್ದರು. ನಿರೀಕ್ಷಿಸಲಾಗದ ತಾಂತ್ರಿಕ ಕಾರಣದಿಂದ ಮನೆ ಕೆಡವಬೇಕಾಗಿದೆ, ವಿಷಾದವಿದೆ, ಮುಂದಿನ ಲಾಟರಿಯಲ್ಲಿ ತಮ್ಮ ಹೆಸರನ್ನು ಪರಿಗಣಿಸಲಾಗುವುದು. ಉಳಿದ ಎಂಟು ಮನೆಗೂ ಜನ ಗೊತ್ತಾಗಿದ್ದರು. ಮುಂದಿನ ಲಾಟರಿ ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ.

"ನಾನೇ ಹೋಗಿ ಕೊಟ್ಟು ಬರುತ್ತೇನೆ," ಅಂದೆ.

"ಕೊಡಿ. ಆದರೆ ಪತ್ರದಲ್ಲಿ ಇರುವುದಕ್ಕಿಂತ ಒಂದು ಮಾತೂ ಹೆಚ್ಚು ಆಡಬೇಡಿ," ಅಂದರು ಮ್ಯಾನೇಜರ್. "ವಕೀಲರು ಹಾಗೆ ಹೇಳಿದ್ದಾರೆ. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ."

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಆಕೆಯ ಅಪಾರ್ಟ್‌ಮೆಂಟಿಗೆ ಹೋದೆ. ಹಾಲಿನ ಗೋಡೆಯುದ್ದಕ್ಕೂ ರಟ್ಟಿನ ಪೆಟ್ಟಿಗೆಗಳು ಕಟ್ಟಿ ತಯಾರಾಗಿದ್ದವು. ತಾಯಿ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕೂತಿದ್ದರು. ಬಹಳ ಸಣ್ಣಗಾಗಿದ್ದ ಜೀವ, ಕಣ್ಣು ಮಾತ್ರ ಚುರುಕು. ಡ್ರೈವರ್ ಪತ್ರವನ್ನು ನಿಂತೇ ಓದಿದರು. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದರು. ಆಮೇಲೆ ಒಂದು ಪೆಟ್ಟಿಗೆಯ ಮೇಲೆ ಕೂತರು.

"ಸ್ಟಾಕ್ಟನ್ನಿನಲ್ಲಿ ನನ್ನ ತಂಗಿ ಇದ್ದಾಳೆ," ಅಂದರು. "ಅವಳ ಮನೆ ಮೂರನೇ ಮಹಡಿ. ನಾನು ಅಲ್ಲಿಂದ ದಿನಾ ಬಂದು ಬಸ್ಸು ಓಡಿಸಬಹುದು. ಅಮ್ಮನನ್ನು ಮೆಟ್ಟಿಲು ಹತ್ತಿಸಲಾಗುವುದಿಲ್ಲ. ನರ್ಸಿಂಗ್ ಹೋಮಿಗೆ ಬಿಡಬೇಕಾಗುತ್ತದೆ."

ಕಿಟಕಿಯ ಕಡೆಯಿಂದ ತಾಯಿ ಕೇಳಿದರು, "ಏನಂತೆ?"

"ಒಂದು ನಿಮಿಷ ಅಮ್ಮಾ." ಆಕೆ ಪತ್ರವನ್ನು ನನ್ನ ಮುಂದೆ ಹಿಡಿದು ಒಂದು ಸಾಲಿನ ಮೇಲೆ ಬೆರಳಿಟ್ಟರು. "ನಿರೀಕ್ಷಿಸಲಾಗದ ಕಾರಣ ಅಂತ ಬರೆದಿದೆ. ಯಾರಿಗೂ ಗೊತ್ತಿರಲಿಲ್ಲವಾ?"

ಮ್ಯಾನೇಜರ್ ಹೇಳಿದ್ದು ನೆನಪಿತ್ತು. ನೀರಿನ ಬಿಲ್ಲಿನ ಕೌಂಟರೂ ನೆನಪಿತ್ತು. ಸುಮ್ಮನಿದ್ದರೆ ಈಕೆಗೆ ಎಂದೆಂದಿಗೂ ತಿಳಿಯುತ್ತಿರಲಿಲ್ಲ.

"ಗೊತ್ತಿತ್ತು," ಅಂದೆ. "ನನಗೆ ಗೊತ್ತಿತ್ತು. ನಾವು ಬೇಲಿಯ ಹತ್ತಿರ ಭೇಟಿಯಾದ ದಿನವೇ ಗೊತ್ತಿತ್ತು. ಹೊಸ ಪಾಯ ಹಾಕುತ್ತೇನೆ ಅಂದ ಒಬ್ಬರು ಬಂದಿದ್ದರು. ಅವರಿಗೆ ಈ ಕೆಲಸ ಸಿಗದ ಹಾಗೆ ಮಾಡಿದ್ದು ನಾನು."

ಆಕೆ ಕೂಗಾಡುತ್ತಾರೆ ಅಂದುಕೊಂಡಿದ್ದೆ. ಹೊರಗೆ ಹೋಗು ಎನ್ನುತ್ತಾರೆ ಅಂದುಕೊಂಡಿದ್ದೆ. ಯಾಕೆ ಎಂದು ಕೂಡ ಕೇಳಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಒಂದು ಪೆನ್ನು ತಂದರು. ಪತ್ರವನ್ನು ಮಗುಚಿ, ಖಾಲಿ ಬದಿ ಮೇಲೆ ಬರುವ ಹಾಗೆ ಪೆಟ್ಟಿಗೆಯ ಮೇಲಿಟ್ಟರು.

"ಈಗ ಹೇಳಿದ್ದನ್ನು ಬರೆಯಿರಿ."

ಮೊಣಕಾಲೂರಿ ಕೂತು ಬರೆದೆ. ಸ್ಕ್ರೂಡ್ರೈವರ್ ಎಷ್ಟು ಒಳಗೆ ಹೋಯಿತು, ಪಟ್ಟಿಯಲ್ಲಿ ಮೊದಲು ಏನು ಬರೆದೆ, ಆಮೇಲೆ ಯಾವುದಕ್ಕೆ ಸಹಿ ಮಾಡಿದೆ, ಕಾಂಟ್ರಾಕ್ಟರ್ ಕನ್ನಡದಲ್ಲಿ ಏನು ಹೇಳಿದರು, ಟೀಚರಮ್ಮ ಕೇಳಿದಾಗ ನಾನು ಏನು ಹೇಳಿದೆ, ಎಷ್ಟು ಅಂಕ ಕೊಟ್ಟೆ. ಹಾಳೆ ತುಂಬಿತು. ಕೆಳಗೆ ಸಹಿ ಮಾಡಿದೆ.

"ಹೆಸರು ಬಿಡಿಸಿ ಬರೆಯಿರಿ," ಅಂದರು. "ಹುದ್ದೆ ಕೂಡ."

ಬರೆದೆ. ಆಕೆ ಹಾಳೆ ತೆಗೆದುಕೊಂಡರು. ನನಗೆ ಏಳಲು ಹೇಳಲಿಲ್ಲ, ಹೋಗಲೂ ಹೇಳಲಿಲ್ಲ. ಕುರ್ಚಿಯೊಂದನ್ನು ತಾಯಿಯ ಪಕ್ಕಕ್ಕೆ ಎಳೆದುಕೊಂಡು ಕೂತು, ನಾನು ಬರೆದದ್ದನ್ನು ಮೊದಲ ಸಾಲಿನಿಂದ, ತಾಯಿಗೆ ಕೇಳಿಸುವಷ್ಟು ಗಟ್ಟಿಯಾಗಿ ಓದತೊಡಗಿದರು.